ತಗಡಿನ ಮೇಲೆ ಖರ್ಜೂರದ ಗರಿ

ಕೊಲ್ಲಿ ನಾಡಿನ ಅಲ್ ಮಬೇಲಾದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ತಗಡಿನ ಶೆಡ್ ಇದೆ. ನನ್ನ ಹೊಲಿಗೆ ಮೆಷಿನ್ ಇರುವುದು ಅಲ್ಲಿಯೇ, ಮನೆಯೊಳಗೆ ಜಾಗವಿಲ್ಲ. ಏಪ್ರಿಲ್ ಕಳೆದರೆ ಅಲ್ಲಿ ಹೊಲಿಯುವುದಿರಲಿ, ಕತ್ತರಿ ಮುಟ್ಟಿದರೂ ಕೈ ಚುರ್ ಎನ್ನುತ್ತಿತ್ತು. ಹಳೆಯ ಎಸಿ ಇಡೀ ದಿನ ಗುಂಯ್ಗುಟ್ಟಿದರೂ ಪ್ರಯೋಜನವಿಲ್ಲ. ಬೇಸಿಗೆಯೆಲ್ಲ ಮೆಷಿನ್ ಮುಸುಕು ಹೊದ್ದು ಕೂತದ್ದನ್ನು ನೋಡಿ ಗಂಡ ತೀರ್ಪು ಕೊಟ್ಟರು: "ಬರುವ ಜೂನ್‌ನಲ್ಲೂ ಹೀಗೇ ಆದ್ರೆ ಮಾರಿಬಿಡುವ. ಖಲಾಸ್."

ನನಗೆ ಪಿತ್ತ ನೆತ್ತಿಗೇರಿತು. ಆ ಮೆಷಿನ್ ಹೋದರೆ ಈ ಊರಲ್ಲಿ ನಾನು ಬರೀ ಒಬ್ಬರ ಹೆಂಡತಿ.

ಉಡುಪಿ ಕಡೆಯ ನಮ್ಮ ದನದ ಹಟ್ಟಿಗೆ ಮಡಲಿನ ಮಾಡು, ಹೆಣೆದ ಗರಿಯ ಚಾವಣಿ. ತೆಂಗಿನ ಗರಿಯನ್ನು ತೋಡಿನ ನೀರಿನಲ್ಲಿ ನೆನೆಹಾಕಿ ನಾವೇ ಹೆಣೆಯುತ್ತಿದ್ದೆವು. ಅದರಡಿ ಎಂಥ ಬಿಸಿಲಿಗೂ ತಂಪು. ಇಲ್ಲಿನ ಮನೆ ಮಾಲೀಕರು ಖರ್ಜೂರದ ಮರ ಸವರಿಸಿ ಗರಿಗಳನ್ನು ಗೇಟಿನ ಬಳಿ ರಾಶಿ ಹಾಕಿದ್ದೇ ತಡ, ಅವರನ್ನು ಕೇಳಿ ತಂದು ಬಾತ್‌ಟಬ್ಬಿನಲ್ಲಿ ನೆನೆಹಾಕಿದೆ. ಗಂಡ ಮೂಲೆಯಲ್ಲಿ ಬಕೆಟ್ ಇಟ್ಟುಕೊಂಡು ಸ್ನಾನ ಮಾಡಿದರು.

ಹೆಣೆಯಲು ಕೂತ ಮೇಲೆ ಗೊತ್ತಾಯಿತು, ಈ ಗರಿ ಎಷ್ಟು ನೆನೆದರೂ ಮಣಿಯುವ ಜಾತಿಯಲ್ಲ. ಬುಡದಲ್ಲಿ ಸೂಜಿಯಂಥ ಮುಳ್ಳು ಬೇರೆ. ಬೆರಳೆಲ್ಲ ರಕ್ತ.

"ಅದು ತೆಂಗು ಅಲ್ಲ ಮಾರಾಯ್ತಿ!" ಗಂಡ ಬಿದ್ದು ಬಿದ್ದು ನಕ್ಕರು.

ಹೆಣೆಯಲಾಗದಿದ್ದರೆ ಕಟ್ಟಿದರಾಯಿತು. ಮುಳ್ಳು ಸವರಿ, ಗರಿಗಳನ್ನು ಒತ್ತೊತ್ತಾಗಿ ಜೋಡಿಸಿ ನೈಲಾನ್ ಹಗ್ಗದಿಂದ ಬಿಗಿದೆ. ತಗಡಿಗೆ ತಾಗದಂತೆ ಗೇಣೆತ್ತರದಲ್ಲಿ ಪೈಪಿನ ಚೌಕಟ್ಟು ಹಾಕಿಸಿ ಅದರ ಮೇಲೆ ಹೊದಿಸಿದೆ. ನಡುವೆ ಗಾಳಿ ಆಡಲಿ ಎಂದು. ಒಳಗಿನ ಗೋಡೆಗೆ ಥರ್ಮಾಕೋಲ್, ಅದರ ಮೇಲೆ ಪ್ಲೈವುಡ್. ಸಂದಿಗಳಿಗೆ ನನ್ನದೇ ಬಟ್ಟೆಚೂರುಗಳನ್ನು ತುರುಕಿದೆ. ಅದೇ ಹಳೆಯ ಎಸಿ ಈಗ ಸ್ವಲ್ಪ ಹೊತ್ತಿಗೇ ಶೆಡ್ಡನ್ನು ತಣ್ಣಗೆ ಮಾಡತೊಡಗಿತು. ಗಂಡನಿಗೆ ಹೇಳಿದರೆ, "ನೋಡುವ, ಜೂನ್ ಬರ್ಲಿ" ಎಂದರು.

ಅಷ್ಟರಲ್ಲಿ ಅವರು ಸಹೋದ್ಯೋಗಿಯ ಹೆಂಡತಿಗೆ ಮೆಷಿನ್ ಕೊಡುವ ಮಾತನ್ನೂ ಆಡಿಬಿಟ್ಟಿದ್ದರು. ಆಕೆ ಧಾರವಾಡದವರು. ಜೂನ್‌ನ ಒಂದು ಸುಡು ಮಧ್ಯಾಹ್ನ ಬಂದು ನೋಡಿ ಎಂದು ನಾನೇ ಫೋನ್ ಮಾಡಿ ಕರೆದೆ.

ಬಂದವರು ಒಳಗೆ ಕಾಲಿಟ್ಟು ಸೆರಗಿನಿಂದ ಬೆವರು ಒರೆಸಿಕೊಂಡರು. "ಅಯ್ಯ, ಎಷ್ಟ್ ತಣ್ಣಗ ಐತ್ರಿ ಇಲ್ಲೆ!"

ಹಿಂದೆಯೇ ಬಂದ ಗಂಡ ಗೋಡೆಗೆ ಅಂಗೈ ಇಟ್ಟು ನೋಡಿದರು. ಇನ್ನೊಂದು ಗೋಡೆಗೂ ಇಟ್ಟು ನೋಡಿದರು. ನಾನು ಹೊಲಿಯುವುದನ್ನು ನಿಲ್ಲಿಸದೆ ಹೇಳಿದೆ, "ಮೆಷಿನ್ ಕೊಡುದಿಲ್ಲ."

"ಮತ್ತ ಈ ಬಿಸಲಾಗ ನನ್ನ ಯಾಕ ಕರದ್ರಿ?"

"ನಾನು ತಂಪು ಅಂದ್ರೆ ಇವ್ರು ನಂಬುದಿಲ್ಲ. ನೀವು ಹೇಳಿದ್ರಲ್ಲ, ಇನ್ನು ನಂಬ್ತಾರೆ."

ಆಕೆ ಗಹಗಹಿಸಿ ನಕ್ಕು, ರವಿಕೆಯ ಅಳತೆ ಕೊಟ್ಟು ಹೋದರು.