ಟಿ.ವಿ.ಯಲ್ಲಿ ಮೂಡಿದ ಹಸಿರು ಗೆರೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ದೆವ್ವ, ಗಾಳಿ, ಸತ್ತವರ ಸುಳಿವು ಎಂದು ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನೇ. ರಿಮೋಟಿನ ತುದಿಯ ಪುಟ್ಟ ಬಲ್ಬಿನಿಂದ ಕಣ್ಣಿಗೆ ಕಾಣದ ಬೆಳಕು ಬರುತ್ತದೆ, ಅದು ಗೋಡೆ ದಾಟುವುದಿಲ್ಲ, ಅಂಗೈ ಅಡ್ಡ ಹಿಡಿದರೂ ನಿಂತುಹೋಗುತ್ತದೆ ಎಂದು ಮಕ್ಕಳಿಗೆ ಮೊಬೈಲ್ ಕ್ಯಾಮೆರಾದಲ್ಲಿ ತೋರಿಸಿಕೊಟ್ಟಿದ್ದೇನೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮದು ಅನುಗೊಂಡನಹಳ್ಳಿಯ ಮಗ್ಗುಲಿನ ಒಂದು ಊರು. ಮನೆಯಲ್ಲಿ ನಾನು, ನನ್ನ ಹೆಂಡತಿ, ಮಕ್ಕಳು, ಅಮ್ಮ ಮತ್ತು ತಮ್ಮ ಮುನಿರಾಜು. ಅಪ್ಪ ತೀರಿಕೊಂಡ ಮೇಲೆ ಜಮೀನು ನೋಡಿಕೊಂಡವನು ಅವನೇ. ಗುಲಾಬಿ ಹಾಕಿದ್ದ. ಬೆಳಗಿನ ಜಾವ ಹೂವಿನ ಮೂಟೆ ತುಂಬಿಕೊಂಡು ಮಾರ್ಕೆಟ್ಟಿಗೆ ಹೋದರೆ ಬಿಸಿಲೇರುವಷ್ಟರಲ್ಲಿ ಮನೆಯಲ್ಲಿರುತ್ತಿದ್ದ. ಮಾತುಗಾರ. ಅವನು ಊಟಕ್ಕೆ ಕೂತರೆ ಮನೆಯವರೆಲ್ಲ ಕೈ ತೊಳೆಯುವುದನ್ನೂ ಮರೆತು ಕೇಳುತ್ತಿದ್ದರು. ಅವನಿಗೆ ಹೆಣ್ಣು ನೋಡಲು ಶುರುಮಾಡಿದ್ದೆವು.

ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಅವನ ಗಾಡಿ ಮಗುಚಿಕೊಂಡಿತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕತ್ತಿನ ಕೆಳಗೆ ಬಲಗೈಯ ಹೆಬ್ಬೆರಳೊಂದು ಬಿಟ್ಟು ಮತ್ತೇನೂ ಆಡುತ್ತಿರಲಿಲ್ಲ. ಉಸಿರಾಡಲೆಂದು ಗಂಟಲಿನಲ್ಲಿ ತೂತು ಮಾಡಿದ್ದರಿಂದ ಮಾತೂ ಹೋಯಿತು.

ಅವನ ಕೋಣೆಯಲ್ಲಿ ಹಳೆಯ ಟಿ.ವಿ. ಒಂದಿತ್ತು. ಹೊತ್ತು ಹೋಗಲಿ ಎಂದು ಅಮ್ಮ ಅದರ ರಿಮೋಟನ್ನು ಅವನ ಕೈಗೆ ಇಟ್ಟಿದ್ದಳು. ಒಂದು ದಿನ ಅವಳು, "ಗಂಜಿ ಕುಡೀತೀಯೇನಪ್ಪಾ?" ಎಂದು ಕೇಳಿದಾಗ ಪರದೆಯ ಮೇಲೆ ಸದ್ದಿನ ಹಸಿರು ಗೆರೆ ಮೂಡಿ ಬಲಕ್ಕೆ ಸರಿಯಿತು. ಅಮ್ಮನಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದಳು. ಗೆರೆ ಮತ್ತೆ ಬಲಕ್ಕೆ ಸರಿಯಿತು. ಅವತ್ತಿನಿಂದ ಸದ್ದು ಏರಿದರೆ ಹೂಂ, ಇಳಿದರೆ ಊಹೂಂ. ಅಕ್ಷರ ಬಾರದ ನಮ್ಮಮ್ಮ ಆ ಗೆರೆಯನ್ನು ನೋಡಿಕೊಂಡೇ ಅವನೊಡನೆ ಮಳೆ, ಹೂವಿನ ರೇಟು, ನೆಂಟರ ಜಗಳ ಎಲ್ಲ ಮಾತಾಡುತ್ತಿದ್ದಳು. ನಾನು ಸ್ಕೂಲಿನಿಂದ ಬರುವಾಗ ಬೀದಿಗೇ ಟಿ.ವಿ. ಜೋರಾಗಿ ಕೇಳಿಸಿದರೆ, ಇವತ್ತು ಮುನಿರಾಜು ಸುಮಾರಾಗಿ ಎಲ್ಲಕ್ಕೂ ಹೂಂಗುಟ್ಟಿದ್ದಾನೆ ಎಂದುಕೊಳ್ಳುತ್ತಿದ್ದೆ.

ಎದೆಯಲ್ಲಿ ಕಫ ಕಟ್ಟಿ ಅವನು ಹೋದ. ಕೊನೆಯ ಸಂಜೆ ಅಮ್ಮ, "ನೋವೈತೇನೋ ಕಂದಾ?" ಎಂದು ಕೇಳುತ್ತಲೇ ಇದ್ದಳು. ಅವನು ಇಲ್ಲ, ಇಲ್ಲ ಎಂದು ಒತ್ತುತ್ತಾ ಹೋದ. ಸದ್ದು ಪಿಸುಮಾತಿನಷ್ಟಕ್ಕೆ ಇಳಿದು ಅಲ್ಲೇ ನಿಂತಿತು.

ತೋಟದ ಬದುವಿನಲ್ಲಿ ಮಣ್ಣು ಮಾಡಿದೆವು. ಎಲೆ ಅಡಿಕೆ ಇಡಲು ಯಾರೋ ಹೇಳಿದಾಗ ಅಮ್ಮ ಸೆರಗಿನಿಂದ ಆ ರಿಮೋಟನ್ನು ತೆಗೆದು ಅವನ ಬಲಗೈಗೆ ಇಟ್ಟಳು. "ಅವನ ಮಾತು ಅವನ ಜೊತೇಲೇ ಹೋಗ್ಲಿ" ಎಂದಳು.

ಆಮೇಲೆ ಅಮ್ಮ ಊಟ ಬಿಟ್ಟಳು. ಬಲವಂತ ಮಾಡಿದರೆ ಒಂದು ತುತ್ತು ಮುದ್ದೆ ನುಂಗಿ ತಟ್ಟೆ ಸರಿಸುತ್ತಿದ್ದಳು. ದಿನವಿಡೀ ಅವನ ಕೋಣೆಯಲ್ಲಿ ಟಿ.ವಿ. ಹಾಕಿಕೊಂಡು ಕೂರುತ್ತಿದ್ದಳು. ಡಿಶ್ ರಿಮೋಟಿನಿಂದ ಚಾನೆಲ್ ಬದಲಾಗುತ್ತಿತ್ತೇ ಹೊರತು ಟಿ.ವಿ.ಯ ಸದ್ದು ಏರುತ್ತಿರಲಿಲ್ಲ. ಟಿ.ವಿ.ಯ ಪಕ್ಕದ ಗುಂಡಿಗಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಹಾಗಾಗಿ ತಮ್ಮ ಬಿಟ್ಟುಹೋದ ಅದೇ ಪಿಸುಮಾತಿನಲ್ಲಿ ಅದು ಆಡುತ್ತಿತ್ತು. ಅಮ್ಮನಿಗೆ ಮೊದಲೇ ಕಿವಿ ಮಂದ. ಬಾಯಿ ಮಾತ್ರ ಆಡಿಸುವ ಮುಖಗಳನ್ನು ಅವಳು ನೋಡುತ್ತಾ ಕೂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆ ಕಂಪನಿಯ ರಿಮೋಟು ಎಲ್ಲೂ ಸಿಗಲಿಲ್ಲ. ಹೊಸಕೋಟೆಯ ಅಂಗಡಿಯವನೊಬ್ಬ ಎಲ್ಲ ಟಿ.ವಿ.ಗೂ ಆಗುವಂಥ ಯೂನಿವರ್ಸಲ್ ರಿಮೋಟ್ ಕೊಟ್ಟ. "ಸೆಟ್ ಬಟನ್ ಒತ್ತಿ ಹಿಡ್ಕೊಳ್ಳಿ ಸಾರ್, ಕೆಂಪು ಲೈಟ್ ಹತ್ತಿ ನಿಲ್ಲತ್ತೆ. ಆಮೇಲೆ ವಾಲ್ಯೂಮ್ ಒತ್ತಿದ್ರೆ ಅದೇ ಕೋಡ್ ಹುಡುಕ್ತಾ ಹೋಗತ್ತೆ. ಟಿ.ವಿ. ಮೇಲೆ ಗೆರೆ ಬಂತಾ, ಬಟನ್ ಬಿಟ್ಬಿಡಿ. ಕೂತ್ಕೊಂತು ಅಂತ ಅರ್ಥ" ಎಂದ.

ಅದೊಂದು ಭಾನುವಾರದ ಮಧ್ಯಾಹ್ನ. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ನಾನು ತಮ್ಮನ ಮಂಚದ ಮೇಲೆ ಕೂತು ಅಂಗಡಿಯವನು ಹೇಳಿದಂತೆಯೇ ಮಾಡಿದೆ. ಕೆಂಪು ಲೈಟು ಮಿಣುಕಿ ಮಿಣುಕಿ ಆರಿಹೋಯಿತು. ಮತ್ತೆ ಮಾಡಿದೆ. ಹತ್ತಿರ ಹೋಗಿ ಹಿಡಿದೆ, ರಿಮೋಟಿನ ಬೆಳಕು ಹಿಡಿಯುವ ಟಿ.ವಿ.ಯ ಕಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಏನೂ ಆಗಲಿಲ್ಲ. ಸೆಲ್ಲು ಸರಿ ಇಲ್ಲವೇನೋ ಎಂದು ಹಿಂದಿನ ಮುಚ್ಚಳ ತೆಗೆದು ಎರಡನ್ನೂ ಅಂಗೈಗೆ ಸುರಿದುಕೊಂಡು, ರಿಮೋಟನ್ನು ಹಾಸಿಗೆಯ ಮೇಲೆ ಮಗುಚಿ ಇಟ್ಟೆ.

ಆಗ ಅಮ್ಮ ಒಳಗೆ ಬಂದಳು. ಕೈಯಲ್ಲಿ ನನಗೆ ತಂದ ತಟ್ಟೆ. ಟಿ.ವಿ. ಹತ್ತಿದ್ದನ್ನೂ ಮಂಚದ ಮೇಲೆ ಯಾರೋ ಕೂತಿದ್ದನ್ನೂ ಕಂಡು ಅವಳ ಬಾಯಿಗೆ ಹಳೆಯ ರೂಢಿಯೇ ಬಂದುಬಿಟ್ಟಿತು.

"ಉಣ್ತೀಯೇನಪ್ಪಾ ಮುನಿರಾಜಾ?" ಎಂದಳು.

ಪರದೆಯ ಮೇಲೆ ಹಸಿರು ಗೆರೆ ಮೂಡಿತು. ಬಲಕ್ಕೆ ಸರಿಯಿತು.

ಕೋಡು ಕೂತಿತು ಎಂದೇ ನನಗೆ ಮೊದಲು ಅನಿಸಿತು. ಆಮೇಲೆ ಅಂಗೈಯಲ್ಲಿದ್ದ ಸೆಲ್ಲುಗಳ ಕಡೆ ನೋಡಿದೆ. ಎರಡೂ ಅಲ್ಲೇ ಇದ್ದವು.

ಅಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು. ನನ್ನ ಕಡೆ ನೋಡಲಿಲ್ಲ. ಟಿ.ವಿ.ಯ ಕಡೆ ಒಂದು ಹೆಜ್ಜೆ ಇಟ್ಟು, "ನೀನೇನಾ?" ಎಂದಳು. ಗೆರೆ ಇನ್ನಷ್ಟು ಬಲಕ್ಕೆ ಹೋಯಿತು. ವಾರಗಳಿಂದ ಪಿಸುಗುಡುತ್ತಿದ್ದ ಟಿ.ವಿ.ಯಿಂದ ಯಾರೋ ಹೆಂಗಸು ಅಡುಗೆಯ ಬಗ್ಗೆ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

ನಾನು, "ಅಮ್ಮಾ, ಬ್ಯಾಡ, ಈಚೆಗೆ ಬಾ" ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ನೆಲದ ಮೇಲೆ ಕುಸಿದು ಕೂತು, ಬಹಳ ಮೆಲ್ಲಗೆ, ಮಗುವನ್ನು ಕೇಳುವಂತೆ ಕೇಳಿದಳು: "ನಾನೂ ಬಂದ್ಬಿಡ್ಲಾ ನಿನ್ನ ತಾವಕ್ಕೆ?"

ಗೆರೆ ಎಡಕ್ಕೆ ತಿರುಗಿತು. ನಿಲ್ಲಲಿಲ್ಲ. ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂತು. ಆ ಹೆಂಗಸಿನ ಮಾತು ನಡುವೆಯೇ ಅಡಗಿಹೋಯಿತು. ಗೆರೆ ಸ್ವಲ್ಪ ಹೊತ್ತು ಹಾಗೇ ಇದ್ದು ಮಾಯವಾಯಿತು.

ಅಮ್ಮ ಮಂಡಿಗೆ ಮುಖ ಕೊಟ್ಟು ಅತ್ತಳು. ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದೆ. ಅಳು ನಿಂತ ಮೇಲೆ ಅವಳು ನನಗೆ ತಂದಿದ್ದ ತಟ್ಟೆಯನ್ನೇ ಎಳೆದುಕೊಂಡು ಮುದ್ದೆ ಮುರಿದಳು. ಕಣ್ಣೀರು ಸಾರಿಗೆ ಬೀಳುತ್ತಿದ್ದರೂ ಪೂರ್ತಿ ಉಂಡಳು.

ಅವತ್ತೇ ಸಂಜೆ ನಾನು ಎಲ್ಲವನ್ನೂ ಪರೀಕ್ಷಿಸಿದೆ. ಕಿಟಕಿ ಮುಚ್ಚಿತ್ತು. ಅಕ್ಕಪಕ್ಕದ ಮನೆಗಳ ರಿಮೋಟುಗಳನ್ನು ಬೇಡಿ ತಂದು ಒತ್ತಿ ನೋಡಿದೆ, ಯಾವುದಕ್ಕೂ ಅದು ಮಾತು ಕೇಳಲಿಲ್ಲ. ರಿಪೇರಿಯವನನ್ನು ಕರೆಸಿದೆ. ಅವನು ಟಿ.ವಿ. ಬಿಚ್ಚಿ ನೋಡಿ, "ಗುಂಡಿ ಒಳಗೆ ತೇವ ಕೂತಿದ್ರೆ ಒಂದೊಂದ್ಸಲ ಹಂಗೇ ಸೌಂಡು ಓಡ್ತದೆ ಸಾರ್" ಎಂದ. ಇರಬಹುದು. ತೇವಕ್ಕೆ ಸದ್ದು ಏರಬಹುದು, ಇಳಿಯಲೂಬಹುದು. ಆದರೆ ಕೇಳಿದ ಪ್ರಶ್ನೆಗೆ ತಕ್ಕಂತೆ ಏರಿ, ತಕ್ಕಂತೆ ಇಳಿಯುವುದು ಹೇಗೆ? ಆ ಟಿ.ವಿ.ಯ ಸದ್ದು ಮತ್ತೆ ಏರಲಿಲ್ಲ. ಹೊಸ ರಿಮೋಟಿಗೂ ಅದು ಕೊನೆಯವರೆಗೆ ಬಗ್ಗಲಿಲ್ಲ.

ಅಮ್ಮ ನಿಧಾನವಾಗಿ ಚೇತರಿಸಿಕೊಂಡಳು. ಈಗ ಹೂ ಕೀಳುವವರ ಜೊತೆ ತೋಟಕ್ಕೆ ಹೋಗುತ್ತಾಳೆ. ಆ ಮಧ್ಯಾಹ್ನದ ಮಾತನ್ನು ನಾವಿಬ್ಬರೂ ಬಹಳ ಕಾಲ ಎತ್ತಲಿಲ್ಲ. ಈಚೆಗೆ ಒಂದು ದಿನ ಬದುವಿನ ಹತ್ತಿರ ಕೂತಿದ್ದಾಗ ನಾನೇ ಕೇಳಿದೆ: "ಅಮ್ಮಾ, ಅವತ್ತು ಅದು ಏನು ಅಂತೀಯಾ?"

"ಓದ್ದೋನು ನೀನು. ನೀನೇ ಹೇಳ್ಬೇಕು" ಎಂದಳು. ಕಾಲಿಗೆ ಹತ್ತಿದ ಮಣ್ಣನ್ನು ಕೆರೆಯುತ್ತಾ, "ಅವತ್ತು ನಾನು ನನ್ನದೇ ಕೇಳ್ಕೊಂಡೆ ಕಣಪ್ಪಾ. ಅವನಿಗೇನಾದ್ರೂ ಬೇಕಾ ಅಂತ ಒಂದ್ ಮಾತು ಕೇಳ್ಲಿಲ್ಲ" ಎಂದಳು.