ತಾಯಿ ಪಾತ್ರದ ಶಾಂತಮ್ಮ

ಅಳುವುದಕ್ಕೆ ಮೊದಲು ಶಾಂತಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಡುತ್ತಿದ್ದರು. ಆಮೇಲೆ ಎದುರಿಗಿದ್ದ ಡಾಕ್ಟರು ಕಂಗಾಲಾಗುವಂತೆ ಅಳುತ್ತಿದ್ದರು.

ಹೊಸ ಶತಮಾನದ ಮೊದಲ ವರ್ಷಗಳು. ಇಂದಿರಾನಗರದ ತರಬೇತಿ ಕೇಂದ್ರವೊಂದರಲ್ಲಿ ನಾನು ಮಕ್ಕಳ ಮನೋವೈದ್ಯಶಾಸ್ತ್ರ ಕಲಿಯುತ್ತಿದ್ದೆ. ನಿಜವಾದ ತಂದೆತಾಯಿಗಳ ಮುಂದೆ ಕೂರಿಸುವ ಮುನ್ನ ನಮ್ಮನ್ನು ನಟರ ಮುಂದೆ ಕೂರಿಸುತ್ತಿದ್ದರು. ಲಂಡನ್, ಕೊಲಂಬೊಗಳಲ್ಲಿ ಕಲಿಯುತ್ತಿದ್ದ ಡಾಕ್ಟರುಗಳೂ ಟೀವಿ ಪರದೆಯಲ್ಲಿ ಸೇರಿಕೊಳ್ಳುತ್ತಿದ್ದರು. ಹಲಸೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ, ರಾಜ್ಯೋತ್ಸವದ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದ ಶಾಂತಮ್ಮನದು, ಸ್ಕೂಲು ಬಿಟ್ಟು ಕೋಣೆ ಸೇರಿದ ಹುಡುಗಿಯ ತಾಯಿಯ ಪಾತ್ರ.

ಲಂಡನ್ನಿನವನೊಬ್ಬ ದುಭಾಷಿಯ ಮೂಲಕ ಒಂದೇ ಉಸಿರಿಗೆ ನಾಲ್ಕು ಪ್ರಶ್ನೆ ಕೇಳಿದಾಗ, "ಒಂದೊಂದೇ ಕೇಳಪ್ಪ, ನಾನು ತಾಯಿ, ಟೆಲಿಫೋನ್ ಎಕ್ಸ್‌ಚೇಂಜ್ ಅಲ್ಲ" ಎಂದಿದ್ದರು. ನನಗೂ ಒಮ್ಮೆ ಬಿತ್ತು: "ಡಾಕ್ಟ್ರಮ್ಮ, ನಾನು ಅಳ್ತಿದ್ರೆ ನೀವು ಬರ್ಕೋತಾ ಇದ್ರಿ. ಪೆನ್ನು ಕೆಳಗಿಡಿ."

ಒಂದು ದಿನ ಟೀ ಹೊತ್ತಿನಲ್ಲಿ ನನ್ನ ಪಕ್ಕ ಬಂದು ನಿಂತರು.

"ಡಾಕ್ಟ್ರಮ್ಮ, ಮಗಳು ಮೂರು ವಾರದಿಂದ ಸ್ಕೂಲಿಗೆ ಹೋಗ್ತಿಲ್ಲ. ಊಟಾನ ಬಾಗಿಲ ಹತ್ರ ಇಟ್ಟು ಬರ್ತೀನಿ. ತಟ್ಟೆ ಹಾಗೇ ಇರತ್ತೆ. ಏನ್ ಮಾಡ್ಲಿ?"

ಪಾತ್ರಕ್ಕೆ ತಾಲೀಮು ಎಂದುಕೊಂಡೆ. "ಸೂಪರ್ ಶಾಂತಮ್ಮ! ಒಳಗೂ ಹೀಗೇ ಹೇಳಿ."

ನನ್ನನ್ನೇ ನೋಡಿದರು. ಲೋಟ ಇಟ್ಟು ಒಳಗೆ ಹೋಗಿ ಹಾಗೆಯೇ ಹೇಳಿದರು. ಕ್ಯಾಮೆರಾ ಓಡುತ್ತಿತ್ತು. ಪರದೆಯಲ್ಲಿ ಎರಡು ದೇಶಗಳ ಡಾಕ್ಟರುಗಳು ಚಪ್ಪಾಳೆ ತಟ್ಟಿದರು.

ಮತ್ತೆ ಅವರು ಬರಲಿಲ್ಲ. ಎರಡು ವರ್ಷದ ನಂತರ, ಪರೀಕ್ಷೆಯಲ್ಲಿ ತಾಯಿ ಪಾತ್ರಕ್ಕೆ ಅವರೇ ಬೇಕೆಂದು ಕೇಂದ್ರದವರು ನನ್ನನ್ನು ಅವರ ಅಂಗಡಿಗೆ ಕಳಿಸಿದರು. ಶಾಂತಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದರು.

"ಮಗಳು ಹೇಗಿದ್ದಾಳೆ?" ಅವರಿಗೊಬ್ಬ ಮಗಳಿರುವುದಷ್ಟೇ ಗೊತ್ತಿತ್ತು, ಲೋಕಾಭಿರಾಮವಾಗಿ ಕೇಳಿದೆ.

"ಹದಿನಾರಕ್ಕೇ ಮದ್ವೆ ಮಾಡ್ಬಿಟ್ರು, ನಮ್ಮ ಭಾವ. ಕೋಣೆ ಬಿಟ್ಟು ಬರ್ತಿರ್ಲಿಲ್ವಲ್ಲ, ಮದ್ವೆ ಆದ್ರೆ ಸರಿಹೋಗ್ತಾಳೆ ಅಂದ್ರು. ಈಗ ಅಲ್ಲೂ ಬಾಗಿಲು ಹಾಕ್ಕೊಂಡೇ ಇರ್ತಾಳಂತೆ. ಹೊಡೀತಾರಂತೆ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲ, ಡಾಕ್ಟ್ರಮ್ಮ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ತಲೆ ತಗ್ಗಿಸಿ ಮೆಷಿನ್ ತುಳಿಯತೊಡಗಿದರು. ಹುಡುಗಿಯನ್ನು ಕರೆತನ್ನಿ, ಈಗಲಾದರೂ ನೋಡೋಣ ಎಂದೆ. "ಅವ್ರು ಕಳ್ಸಲ್ಲ" ಎಂದರು, ಅಷ್ಟೇ.

ಮುಂದಿನ ಸಲ ಹೋದಾಗ ಆ ಅಂಗಡಿಯಲ್ಲಿ ಮೊಬೈಲ್ ಮಾರುತ್ತಿದ್ದರು. ಶಾಂತಮ್ಮ ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ನಾನೇ ಪಾಠ ಮಾಡುತ್ತೇನೆ. ಆ ದಿನದ ರೆಕಾರ್ಡಿಂಗನ್ನು ಹೊಸಬರಿಗೆ ತೋರಿಸಬೇಕಾಗುತ್ತದೆ. ಮುಗಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಎಷ್ಟು ನ್ಯಾಚುರಲ್ ಮೇಡಂ! ಯಾರು ಟ್ರೇನಿಂಗ್ ಕೊಟ್ಟಿದ್ದು?"