ನೀಲತ್ತೆಯ ಓಣಿ

ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ ಎಲ್ಲಿ ಬಂದರೂ ನನಗೆ ನೀಲತ್ತೆ ನೆನಪಾಗುತ್ತಾಳೆ. ಅಪ್ಪನ ಒಬ್ಬಳೇ ತಂಗಿ. ಬೇವೂರಿನ ನಮ್ಮ ಮನೆಯಿಂದ ಇಳಕಲ್ಲಿನ ಮಗ್ಗದ ಮನೆಗೆ ಅವಳನ್ನು ಕೊಟ್ಟಿದ್ದರು. ಅಜ್ಜಿಗೆ ಆ ಸಂಬಂಧ ಮನಸ್ಸಿಗೆ ಬಂದಿರಲಿಲ್ಲ. “ಇಳಕಲ್ಲಿನವರ ಎದಿ ಕಲ್ಲು. ಸೊಸಿ ಸತ್ರೂ ಮಗ್ಗ ನಿಲ್ಲಸೂದಿಲ್ಲ” ಎಂದು ನಮ್ಮೂರಲ್ಲಿ ಎಲ್ಲರೂ ಆಡುತ್ತಿದ್ದ ಮಾತನ್ನೇ ಅವಳೂ ಆಡುತ್ತಿದ್ದಳು. ಮದುವೆಯಾದ ಮೇಲೆ ಒಮ್ಮೆಯೂ ಮಗಳ ಮನೆಗೆ ಹೋಗಿರಲಿಲ್ಲ.

ನೀಲತ್ತೆಗೆ ಜ್ವರ ಬಿಡುತ್ತಿಲ್ಲವೆಂದು ಸುದ್ದಿ ಬಂದಾಗ ಅಜ್ಜಿ ಗಾಡಿ ಕಟ್ಟಿಸಿದಳು; ನನ್ನನ್ನೂ ಕರೆದುಕೊಂಡಳು. ಹುನಗುಂದದಲ್ಲಿ ರಾತ್ರಿ ಕಳೆದು, ಮರುದಿನ ಬಿಸಿಲೇರುವ ಹೊತ್ತಿಗೆ ಆ ಓಣಿ ಹೊಕ್ಕೆವು. ಮನೆ ಮನೆಯಲ್ಲೂ ಮಗ್ಗ, ಒಂದರಿಂದಲೂ ಸದ್ದಿಲ್ಲ. “ಹೋಗೇಬಿಟ್ಟಳಲ್ಲೋ!” ಎಂದು ಅಜ್ಜಿ ಎದೆ ಬಡಿದುಕೊಂಡಳು. ಅತ್ತೆಯ ಅತ್ತೆ ಹೊರಗೆ ಓಡಿಬಂದು ಅವಳ ಕೈ ಹಿಡಿದರು.

“ಅಳಬ್ಯಾಡ್ರಿ ಬೀಗತಿ, ಜೀವ ಐತಿ. ಆಕಿಗೆ ಒಂದೀಟು ನಿದ್ದಿ ಹತ್ಲಿ ಅಂತ ಓಣ್ಯಾಗಿನವ್ರೆಲ್ಲಾ ಮಗ್ಗ ನಿಲ್ಲಿಸ್ಯಾರ.”

ಒಳಗೆ, ಪಕ್ಕದ ಮನೆಯ ಹಸೀನಾಬಿ ನೀಲತ್ತೆಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ನೂಲಿಗೆ ಬಣ್ಣ ಹಾಕುವವಳು. ಮಣಿಕಟ್ಟಿನವರೆಗೂ ಅವಳ ಕೈ ನೀಲಿ. ನೀಲತ್ತೆ ಕಣ್ಣು ತೆರೆದು ಅಜ್ಜಿಯನ್ನು ಬಹಳ ಹೊತ್ತು ನೋಡಿದಳು.

“ಅವ್ವಾ, ಯಾಕ ಇಷ್ಟು ತಡಾ ಮಾಡಿದಿ? ಇವ್ರು ನನ್ನ ಭಾಳ ಚಂದ ನೋಡ್ಕೊಂಡಾರ. ನೀ ಬಂದು ನೋಡ್ಬೇಕಂತ ಇತ್ತು ನನಗ.”

ಅಜ್ಜಿ ಮಗಳ ಪಾದ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಮರುದಿನ ಮಧ್ಯಾಹ್ನ ನೀಲತ್ತೆ ತೀರಿಕೊಂಡಳು. ಅವಳ ಅತ್ತೆ ನೆಲಕ್ಕೆ ಬಿದ್ದು ಅತ್ತ ಪರಿ ನೋಡಿ, ಹೆತ್ತ ತಾಯಿಯೇ ಅವರನ್ನು ಎಬ್ಬಿಸಿ ಸಮಾಧಾನ ಮಾಡಬೇಕಾಯಿತು.

ಊರಿಗೆ ಬಂದ ಮೇಲೆ ಅಜ್ಜಿ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹೇಳಿದಳು: “ಇಳಕಲ್ಲಿನವ್ರು ಅಂಥಾವ್ರಲ್ಲ. ನಾ ಖರೆ ಹೇಳ್ತೇನಿ, ಕಣ್ಣಾರೆ ಕಂಡೇನಿ.” ಹೆಂಗಸರು ಹಗ್ಗ ಜಗ್ಗುತ್ತ ತಲೆಯಾಡಿಸಿದರು. ಅವಳು ಅತ್ತ ತಿರುಗಿದ್ದೇ ತಡ, “ಪಾಪ, ಮಗಳ್ನ ಕಳಕೊಂಡಾಳ. ಮನಸಿನ ಸಮಾಧಾನಕ್ಕ ಹಂಗ ಅಂತಾಳ” ಎಂದರು. ಅಜ್ಜಿಗೆ ಅದು ಕೇಳಿಸಿತು.

ಮುಂದಿನ ವರ್ಷ ಪ್ಲೇಗು ಬಂತು. ಇಳಕಲ್ಲಿನ ಆ ಓಣಿಯಲ್ಲಿ ಯಾರು ಉಳಿದರೋ, ಹಸೀನಾಬಿ ಎಲ್ಲಿ ಹೋದಳೋ, ನಮಗೆ ತಿಳಿಯಲೇ ಇಲ್ಲ. ಆಮೇಲೂ ಬಾವಿಕಟ್ಟೆಯಲ್ಲಿ ಇಳಕಲ್ಲಿನವರನ್ನು ಆಡಿಕೊಳ್ಳುವುದು ನಡೆದೇ ಇತ್ತು. ಅಜ್ಜಿ ಮೊದಮೊದಲು ಎದುರಾಡುತ್ತಿದ್ದಳು. ಬರಬರುತ್ತ ಕೊಡ ತುಂಬಿಕೊಂಡು ಸುಮ್ಮನೆ ಬಂದುಬಿಡುತ್ತಿದ್ದಳು. ಸಾಯುವವರೆಗೂ ಮತ್ತೆ ನೀಲತ್ತೆಯ ಹೆಸರೆತ್ತಲಿಲ್ಲ.